ಹಿತ್ತಿಲ ಬಾಗಿಲಿನ ಸಂಕ್ರಾಂತಿ

ನಾನು ಒಂದು ಮರದ ಅಚ್ಚು. ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರುತ್ತಾರಲ್ಲ, ಆ ಸಕ್ಕರೆ ಗಿಣಿಗಳು ಹುಟ್ಟುವುದು ನನ್ನ ಹೊಟ್ಟೆಯಲ್ಲಿ. ವರ್ಷವೆಲ್ಲ ಅಟ್ಟದ ಮೇಲೆ ಧೂಳು ತಿನ್ನುವುದು, ಪುಷ್ಯ ಮಾಸದಲ್ಲಿ ಎರಡು ದಿನ ಮೆರೆಯುವುದು, ಇಷ್ಟೇ ನನ್ನ ಬಾಳು.

ನನ್ನನ್ನು ಕೊರೆದವರು ಮೈಸೂರಿನ ಬಡಗಿ ಗನಿ ಸಾಹೇಬರು. ಯಾರದೋ ಮನೆಯ ಬಾಗಿಲಿಗೆ ತಂದ ತೇಗದಲ್ಲಿ ಮಿಕ್ಕ ತುಂಡು ನಾನು. ಎರಡು ಹೋಳು ಮಾಡಿ, ಒಂದೊಂದರಲ್ಲೂ ಅರ್ಧರ್ಧ ಗಿಣಿ ಕೊರೆದು, ಜೋಡಿಸಿ ದಾರ ಕಟ್ಟಿದರು. ಕೊಕ್ಕು ಸ್ವಲ್ಪ ಸೊಟ್ಟಗಾಯಿತು. ನನ್ನನ್ನು ಕೊಂಡ ಕನಕಮ್ಮ ಅದನ್ನೇ ನೋಡಿ ನಕ್ಕು, ಇದೇ ಇರಲಿ ಎಂದರು.

ಕನಕಮ್ಮನ ಮನೆ ಒಂದು ವಠಾರದಲ್ಲಿತ್ತು. ಅವರ ಪಾಕ ನೋಡಬೇಕು ನೀವು. ಕುದಿಯುವ ಸಕ್ಕರೆಗೆ ಚೂರು ಹಾಲು ಹಾಕಿ ಕೊಳೆ ತೆಗೆದು, ನಿಂಬೆಹುಳಿ ಹಿಂಡಿ ಹುಯ್ದರೆ ನನ್ನ ಗಿಣಿ ಹಾಲುಬಿಳುಪಾಗಿ ಎದ್ದು ಬರುತ್ತಿತ್ತು. ಸಂಜೆ ರೇಷ್ಮೆ ಸೀರೆ ಉಟ್ಟು ಮನೆಮನೆಗೆ ಹೋಗಿ ಎಳ್ಳು ಬೀರಿ ಬರುತ್ತಿದ್ದರು. ತಟ್ಟೆ ಖಾಲಿಯಾದಷ್ಟೂ ಅವರ ಮುಖ ತುಂಬಿಕೊಳ್ಳುತ್ತಿತ್ತು. ತಿನ್ನುವುದಕ್ಕಿಂತ ಕೊಡುವುದರಲ್ಲೇ ಆಕೆಗೆ ಹಬ್ಬ.

ಆಮೇಲೆ ಅವರ ಯಜಮಾನರು ತೀರಿಕೊಂಡರು. ಆ ವರ್ಷ ಹಬ್ಬವಿಲ್ಲ. ಮರುವರ್ಷ ಕನಕಮ್ಮ ಮತ್ತೆ ಪಾಕ ಇಟ್ಟರು. ಹಳೇ ಹತ್ತಿ ಸೀರೆಯಲ್ಲೇ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋದರು. ಎರಡು ಮನೆಗೂ ನಡುವೆ ಒಂದೇ ಗೋಡೆ, ಅಲ್ಲಿ ಆಡಿದ ಮಾತೆಲ್ಲ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

"ಬೇಜಾರ್ ಮಾಡ್ಕೋಬೇಡಿ ಕನಕಮ್ಮ," ಎಂದಳು ಪಕ್ಕದ ಮನೆಯ ವಿಶಾಲು. "ಒಳ್ಳೇ ದಿನ. ನಿಮ್ಮ ಕೈಯಿಂದ ತಗೊಂಡ್ರೆ ನಮ್ಮತ್ತೆ ಸುಮ್ನಿರಲ್ಲ."

ಬೈದಿದ್ದರೆ ಎದುರು ಹೇಳಬಹುದಿತ್ತು. ನಯವಾಗಿ ಹೇಳಿದವಳಿಗೆ ಏನು ಹೇಳುವುದು? ಕನಕಮ್ಮ ತುಂಬಿದ ತಟ್ಟೆಯನ್ನು ಹಾಗೇ ವಾಪಸು ತಂದು ಒಲೆಯ ಪಕ್ಕ ಇಟ್ಟು ಅತ್ತರು.

ಗಾಯದ ಮೇಲೆ ಉಪ್ಪು ಸುರಿದ ಹಾಗೆ, ಮುಂದಿನ ಸಂಕ್ರಾಂತಿಗೆ ಅದೇ ವಿಶಾಲು ಸಕ್ಕರೆ ಪೊಟ್ಟಣ ಹಿಡಿದು ಬಂದಳು. "ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ನಮಗೂ ಅಚ್ಚು ಹುಯ್ದು ಕೊಡಿ." ಕನಕಮ್ಮ ಹುಯ್ದು ಕೊಟ್ಟರು. ಆಮೇಲೆ ಪ್ರತಿ ವರ್ಷವೂ ಕೊಟ್ಟರು. ಅವರು ಮಾಡಿದ ಗಿಣಿಗಳು ವಿಶಾಲುವಿನ ಕೈಯಿಂದ ವಠಾರದ ಎಲ್ಲ ಮನೆಗೂ ಹೋದವು. ಕೈ ಬೇಡ, ಕೈಕೆಲಸ ಮಾತ್ರ ಬೇಕು. ನಾನು ಒಣಮರ, ನನಗೇ ಮೈ ಉರಿಯಿತು.

ಒಂದು ಸಂಕ್ರಾಂತಿಯ ಮಧ್ಯಾಹ್ನ ಕನಕಮ್ಮ ಸುಮ್ಮನೆ ಹಿತ್ತಿಲ ಬಾಗಿಲು ತೆರೆದರು. ಹಿಂದಿನ ಸಾಲಿನ ತುಂಗಮ್ಮನನ್ನೂ ಶೇಷಮ್ಮನನ್ನೂ ಕರೆದರು. ಅವರೂ ಗಂಡ ಕಳೆದುಕೊಂಡವರೇ. ಹಬ್ಬದ ದಿನ ಯಾರಿಗೂ ಎದುರಾಗಬಾರದೆಂದು ಮನೆಯೊಳಗೇ ಕೂರುವವರು. ಮೂವರೂ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತರು.

"ಯಾರಾದ್ರೂ ನೋಡಿದ್ರೆ?" ಎಂದರು ಶೇಷಮ್ಮ.

"ನೋಡ್ಲಿ ಬಿಡೆ. ನಮಗೆ ಆಗೋದೆಲ್ಲ ಆಗಿದೆ," ಎಂದರು ತುಂಗಮ್ಮ.

ಕನಕಮ್ಮ ಇಬ್ಬರಿಗೂ ಎಳ್ಳು ಕೊಟ್ಟು, ಗಿಣಿ ಕೊಟ್ಟು, "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಎಂದರು. ಶೇಷಮ್ಮ ಒಂದು ಹಿಡಿ ಬಾಯಿಗೆ ಹಾಕಿಕೊಂಡವರೇ ತಮ್ಮ ಮೈದುನನನ್ನು ಬೈಯಲು ಶುರು ಮಾಡಿದರು. ಮೂವರೂ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ದಿನ ನನಗೆ ಬಹಳ ಸಂತೋಷವಾಯಿತು.

ಅಂಥ ಕೆಲವು ಮಧ್ಯಾಹ್ನಗಳು ಸಿಕ್ಕವು. ಹೆಚ್ಚೇನೂ ಅಲ್ಲ. ಶೇಷಮ್ಮ ಮೊದಲು ಹೋದರು. ತುಂಗಮ್ಮ ನಂಜನಗೂಡಿನ ತಂಗಿಯ ಮನೆ ಸೇರಿ ಅಲ್ಲೇ ಕಣ್ಣು ಮುಚ್ಚಿದರು. ಅಷ್ಟರಲ್ಲಿ ವಿಶಾಲುವಿನ ಗಂಡನೂ ತೀರಿಹೋದ.

ವರ್ಷ ತುಂಬಿದ ಮೇಲೆ ಬಂದ ಸಂಕ್ರಾಂತಿಗೆ ಕನಕಮ್ಮ ಒಂದು ಗಿಣಿ ಹುಯ್ದರು. ಈ ದಿನ ಒಳಗೆ ಕೂರುವುದು ಎಂಥ ಕಷ್ಟವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಟ್ಟೆ ಹಿಡಿದು ವಿಶಾಲುವಿನ ಹಿತ್ತಿಲ ಬಾಗಿಲಿಗೆ ಹೋದರು.

"ಬಾ ವಿಶಾಲು, ನಮ್ಮನೇಲಿ ಕೂತು ಎಳ್ಳು ತಿನ್ನೋಣ."

"ನನ್ನನ್ನ ನಿಮ್ಮ ಸಾಲಿಗೆ ಸೇರಿಸ್ಬೇಡಿ ಕನಕಮ್ಮ."

ಬಾಗಿಲು ಮುಚ್ಚಿಕೊಂಡಿತು. ಕನಕಮ್ಮ ತಟ್ಟೆಯನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಬಂದರು. ಬೆಳಗ್ಗೆ ಅದನ್ನು ತಂದು ಇರುವೆ ಕೊಡವಿ ತೊಳೆದರು. ಆ ಆಷಾಢದಲ್ಲಿ ಅವರೂ ಹೋದರು.

ಅವರ ಅಣ್ಣನ ಮಗ ಬಂದು ಮನೆ ಖಾಲಿ ಮಾಡಿದ. ಮುರುಕು ಡಬ್ಬಗಳ ಜೊತೆ ನಾನೂ ಗುಜರಿಯ ಚೀಲ ಸೇರಿದ್ದೆ. ವಿಶಾಲು ಬಂದು, "ಇದೊಂದನ್ನ ನನಗೆ ಕೊಡಪ್ಪ" ಎಂದು ಕೇಳಿ ತೆಗೆದುಕೊಂಡಳು.

ಈ ಸಂಕ್ರಾಂತಿಗೆ ಅವಳೇ ಪಾಕ ಇಟ್ಟಳು. ಮರದ ಅಚ್ಚನ್ನು ಹಿಂದಿನ ದಿನವೇ ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಜೀವಮಾನವೆಲ್ಲ ಬೇರೆಯವರ ಕೈಯಲ್ಲಿ ಹುಯ್ಯಿಸಿಕೊಂಡವಳಿಗೆ ಅದು ಹೇಗೆ ಗೊತ್ತಾಗಬೇಕು? ಬಿಡಿಸುವಾಗ ಗಿಣಿಯ ಕತ್ತು ಒಂದು ಹೋಳಿನಲ್ಲಿ, ರೆಕ್ಕೆ ಇನ್ನೊಂದರಲ್ಲಿ ಉಳಿಯಿತು. ಚೂರುಗಳನ್ನೇ ಎಳ್ಳಿನ ಮೇಲೆ ಜೋಡಿಸಿದಳು. ಎರಡು ಮಣೆ ಹಾಕಿ, ಹಿತ್ತಿಲ ಬಾಗಿಲು ತೆರೆದು ಕೂತಳು.

ಬೀದಿಯಲ್ಲಿ ಗೆಜ್ಜೆಯ ಸದ್ದು, ನಗು. ಹೊಸ ಸೊಸೆಯರು ಅಂಗಡಿಯ ಸಕ್ಕರೆ ಅಚ್ಚು ಹಿಡಿದು ಓಡಾಡುತ್ತಿದ್ದರು. ಹಿತ್ತಿಲ ಕಡೆ ಯಾರೂ ಬರಲಿಲ್ಲ. ಬರಲು ಯಾರಿದ್ದಾರೆ? ಒಮ್ಮೆ ಹೆಜ್ಜೆ ಸದ್ದು ಕೇಳಿ ಗಡಬಡಿಸಿ ಎದ್ದಳು. ಮೇಲಿನ ಮನೆಯವರು ಬಟ್ಟೆ ತೆಗೆಯಲು ಬಂದಿದ್ದರು.

ಈಗ ನನಗೂ ವಯಸ್ಸಾಯಿತು, ಅಂಚು ಸೀಳಿದೆ. ಸುಖವೆಂದರೆ ನಾನು ಕಂಡದ್ದು ಆ ಮೂವರ ನಗು ಒಂದೇ. ಅದಕ್ಕೆ ಬೇಕಾಗಿದ್ದು ಒಂದು ಗಿಣಿ, ಅದನ್ನು ತೆಗೆದುಕೊಳ್ಳುವ ಒಂದು ಕೈ. ಗಿಣಿಯನ್ನು ನಾನು ಮಾಡಿಕೊಡಬಲ್ಲೆ, ಕೈಯನ್ನು ಎಲ್ಲಿಂದ ತರಲಿ?

ದೀಪ ಹಚ್ಚುವ ಹೊತ್ತಾಯಿತು. ವಿಶಾಲು ತಟ್ಟೆಯನ್ನು ಎದುರಿನ ಖಾಲಿ ಮಣೆಯ ಮುಂದೆ ಸರಿಸಿದಳು.

"ತಗೊಳ್ಳಿ ಕನಕಮ್ಮ," ಎಂದಳು.