ಚಿಕ್ಕ ತಪ್ಪಲೆಯ ಸಾರು

ಯುಗಾದಿಯ ಬೆಳಿಗ್ಗೆ ಎರಡು ತಪ್ಪಲೆಗಳಲ್ಲಿ ಸಾರು ಕುದಿಸಿದೆ. ದೊಡ್ಡದು ನೆಂಟರಿಗೆ. ಚಿಕ್ಕದು ಅತ್ತೆಗೆ, ಉಪ್ಪಿಲ್ಲದ್ದು.

ಆ ಚಿಕ್ಕ ತಪ್ಪಲೆ ಮೊದಲು ನನ್ನ ಗಂಡನದು. ಮೂತ್ರಪಿಂಡ ಕೆಟ್ಟು ಕಾಲು ಬಾತುಕೊಂಡಾಗ ಡಾಕ್ಟರು ಉಪ್ಪು ಬಿಡಿಸಿದ್ದರು. ಅವರ ಕೊನೆಯ ಯುಗಾದಿಗೆ ಅಡುಗೆ ಅತ್ತೆಯದು. ಮನೆ ತುಂಬ ಜನ. ನಮ್ಮಲ್ಲಿ ಪೂಜೆಯಾಗಿ ಎಡೆ ಇಡುವವರೆಗೆ ರುಚಿ ನೋಡುವಂತಿಲ್ಲ, ಉಪ್ಪು ಕೈಯಳತೆಯದು. ಗಡಿಬಿಡಿಯಲ್ಲಿ ಅತ್ತೆ ಎರಡಕ್ಕೂ ಹಾಕಿಬಿಟ್ಟಿದ್ದರು. ನನ್ನ ಗಂಡ ಎರಡು ಸಲ ಬಡಿಸಿಕೊಂಡು ಉಂಡರು. ಸಂಜೆ ಪಾತ್ರೆ ತೊಳೆಯುವಾಗ ತಳದ ಸಾರು ನೆಕ್ಕಿ ನೋಡಿದ ಮೇಲೆಯೇ ಅತ್ತೆಗೆ ತಿಳಿದದ್ದು.

ಆಷಾಢದಲ್ಲಿ ನನ್ನ ಗಂಡ ತೀರಿಕೊಂಡರು. ಒಂದು ಹೊತ್ತಿನ ಉಪ್ಪಿನಿಂದ ಅಲ್ಲ ಎಂದು ಡಾಕ್ಟರು ಹೇಳಿದರು. ನಾನೂ ಹೇಳಿದೆ. ಅಂದಿನಿಂದ ಅತ್ತೆ ಉಪ್ಪು ಮುಟ್ಟಿರಲಿಲ್ಲ.

ಹೋದ ವರ್ಷ ಹಬ್ಬವಿರಲಿಲ್ಲ. ಈ ಸಲ ಅತ್ತೆಯೇ ಕರೆದರು. ಅವರ ಅಣ್ಣ ಕಲ್ಲೇಶಪ್ಪನವರು ಮಾದಾಪುರದಿಂದ ಬಂದರು. ಸಕ್ಕರೆ ಕಾಯಿಲೆ, ಹೋಳಿಗೆಯ ಬದಲು ಅಕ್ಕಿರೊಟ್ಟಿ. ನನ್ನ ಗಂಡನ ಗೆಳೆಯ ಪುಟ್ಟರಾಜು ಫ್ರೇಸರ್‌ಪೇಟೆಯಿಂದ ಬಂದರು. ಅವರದು ಮಾಂಸದೂಟದ ಮನೆ, ನಮ್ಮದಲ್ಲ. ಜಗಲಿಯಲ್ಲಿ ಕೊಡಗು ಮೈಸೂರಿಗೆ ಸೇರುವ ಮಾತು ನಡೆದು, ಊಟದ ಮಾತಿಗೆ ತಿರುಗಿತು.

"ಸೊಪ್ಪು ಸದೆ ತಿನ್ನಕ್ಕೆ ಇಲ್ಲೀಗಂಟ ಬಂದ್ಯಲ್ಲೋ ಪುಟ್ಟರಾಜು."

"ನಾಳೆ ಹೊಸತೊಡಕು, ಹೆಂಗೂ ಮರಿ ಕುಯ್ತೀವಲ್ಲ ಯಜಮಾನ್ರೆ. ಕಷ್ಟ ನಿಮ್ದೇ. ಇವತ್ತು ಹೋಳಿಗೆನೂ ಇಲ್ಲ, ನಾಳೆ ಬಾಡೂ ಇಲ್ಲ."

"ವಾಸ್ನೆ ಕುಡೀತೀನಿ ಬಿಡು. ಅದುಕ್ಕೆ ಡಾಕ್ಟ್ರು ಅಡ್ಡಿ ಹೇಳಿಲ್ಲ."

ಅಡುಗೆಮನೆಯಲ್ಲಿ ಅತ್ತೆ ಕೇಳಿದರು, "ನಂದು ಬೇರೆ ಇಟ್ಟಿದೀಯೇನವ್ವ?"

"ಇಟ್ಟಿದೀನಿ ಅತ್ತೆ."

ಅವರು ಪೂಜೆಗೆ ಹೋದರು. ನಾನು ಚಿಕ್ಕ ತಪ್ಪಲೆಗೂ ಉಪ್ಪು ಹಾಕಿದೆ. ತಿಳಿದೇ ಹಾಕಿದೆ. ಒಮ್ಮೆ ನಾಲಿಗೆಗೆ ತಾಗಿದರೆ ಈ ಶಿಕ್ಷೆ ಮುರಿದೀತು ಎಂದುಕೊಂಡಿದ್ದೆ. ನನಗೆ ರುಚಿ ತಿಳಿಯುವುದು ನಿಂತು ಬಹಳ ದಿನವಾಗಿತ್ತು. ಈ ಮನೆಯಲ್ಲಿ ಒಬ್ಬರಾದರೂ ಊಟವನ್ನು ಊಟದಂತೆ ಉಣ್ಣಲಿ.

"ನೀನೂ ಕೂತ್ಕೊ ವಿಶಾಲು. ಜೊತೇಲಿ ಉಂಡು ಎಷ್ಟು ವರ್ಷಾಯ್ತು," ಎಂದು ಕಲ್ಲೇಶಪ್ಪನವರು ತಂಗಿಯನ್ನೂ ಪಂಕ್ತಿಗೆ ಕೂರಿಸಿಕೊಂಡರು.

ಮೊದಲ ತುತ್ತಿಗೆ ಅತ್ತೆಯ ಕೈ ಎಲೆಯ ಮೇಲೆ ನಿಂತಿತು. ನನ್ನನ್ನು ನೋಡಿದರು. ಸೌಟು ಹಿಡಿದು ನಿಂತಿದ್ದೆ.

"ಯಾಕವ್ವ, ಖಾರಾಯ್ತಾ?" ಎಂದರು ಪುಟ್ಟರಾಜು.

"ಇಲ್ಲಪ್ಪ. ಸೊಸೆ ಚೆನ್ನಾಗಿ ಮಾಡಿದಾಳೆ."

ಎಲೆಯಲ್ಲಿದ್ದುದನ್ನೆಲ್ಲ ಉಂಡರು. ಆಮೇಲೆ, "ಇನ್ನೊಂದು ಸೌಟು ಹಾಕು," ಎಂದರು. ಹಾಕಿದೆ. ಗೆದ್ದೆ ಎಂದುಕೊಂಡೆ.

ನೆಂಟರು ಹೊರಟ ಮೇಲೆ ಅತ್ತೆ ಹಿತ್ತಲ ಕಲ್ಲಿನ ಮೇಲೆ ಪಾತ್ರೆ ಹರವಿಕೊಂಡು ಕೂತಿದ್ದರು.

"ಯಾಕತ್ತೆ ಸುಮ್ನಿದ್ರಿ?"

"ಬಂದವ್ರ ಮುಂದೆ ನಿನ್ನ ಏನಂತ ಅನ್ನಲಿ."

ಅಷ್ಟು ಹೇಳಿ, ತೊಳೆಯಲು ಎತ್ತಿಕೊಂಡ ಪಾತ್ರೆಯನ್ನು ನೋಡಿದರು. ಚಿಕ್ಕ ತಪ್ಪಲೆ ಅವರ ಕೈಯಲ್ಲಿತ್ತು.

"ಮೊದಲ್ನೇ ತುತ್ತಿಗೇ ಗೊತ್ತಾಗುತ್ತೆ ಕಣೆ. ಅವನಿಗೂ ಗೊತ್ತಾಗಿತ್ತು. ಜನರ ಮುಂದೆ ನನ್ನ ಮುಖ ಸಣ್ಣಾಗಬಾರ್ದು ಅಂತ ಮತ್ತೆ ಹಾಕಿಸ್ಕೊಂಡ."

ಅಷ್ಟು ದಿನ ಅವರ ಮೇಲಿದ್ದ ಭಾರ ತಮ್ಮ ಕೈತಪ್ಪು ಒಂದೇ. ಈಗ ಮಗ ಸುಮ್ಮನಿದ್ದದ್ದೂ ಸೇರಿತು. ಸೇರಿಸಿದವಳು ನಾನು.

ಅವರು ತಪ್ಪಲೆಯನ್ನು ಬೂದಿ ಹಾಕಿ ಉಜ್ಜತೊಡಗಿದರು. ಅದು ಬೆಳ್ಳಗಾದ ಮೇಲೂ ಉಜ್ಜುತ್ತಿದ್ದರು.

ಮಾರನೆಯ ಬೆಳಿಗ್ಗೆ ದೊಡ್ಡ ತಪ್ಪಲೆಯೊಂದನ್ನೇ ಒಲೆಗಿಟ್ಟೆ. ಅತ್ತೆ ಚಿಕ್ಕದನ್ನು ತಂದು ಪಕ್ಕದ ಒಲೆಗಿಟ್ಟು, ಉಪ್ಪಿನ ಜಾಡಿಯನ್ನು ನನ್ನ ಕೈಗೆ ಸಿಗದ ಹಾಗೆ ತಮ್ಮ ಕಡೆಗೆ ಎಳೆದುಕೊಂಡರು.