ಮಿರುಗದ ಪರದೆ

ಬಿಳಿ ಗೆರೆ ಮತ್ತೆ ಬಂತು, ಎಸಳಿನ ಮೇಲೆ, ಅಂಚಿಗಿಂತ ಸ್ವಲ್ಪ ಒಳಗೆ, ಕೂದಲೆಳೆಯಷ್ಟು ಸಣ್ಣಗೆ — ರೆನ್ಸ್ಕೆ ತಲೆ ಎಡಕ್ಕೆ ವಾಲಿಸಿದಳು, ಗೆರೆಯೂ ಜಾರಿತು, ಸರಿ, ಅಂಗಡಿಯ ಟ್ಯೂಬ್‌ಲೈಟು, ಈ ಮಿರಿಮಿರಿ ಪರದೆಗಳೆಲ್ಲ ಕನ್ನಡಿಯೇ, ಎದುರು ನಿಂತು ತಲೆ ಬಾಚಿಕೊಳ್ಳಬಹುದು, ಆದರೂ ಗೆರೆಯ ಒಂದು ಚೂರು ಅಲ್ಲೇ ಉಳಿದ ಹಾಗಿದೆ, ಟ್ಯೂಬು ಎರಡಿರಬೇಕು. ಇದು ಹೊಸ ಮಾಲು ಮೇಡಂ, ಎಂದು ಎದೆಯ ಬಿಲ್ಲೆಯಲ್ಲಿ ಸ್ಟೈನ್ ಎಂದು ಬರೆದುಕೊಂಡಿದ್ದ ಮಾರಾಟಗಾರ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ, ಬಿಸ್ಕತ್ತಿನಷ್ಟು ತೂಕ ಇಲ್ಲ ನೋಡಿ, ಇಡೀ ಸ್ಟುಡಿಯೋನ ಬ್ಯಾಗಲ್ಲಿ ಹಾಕ್ಕೊಂಡು ಓಡಾಡ್ಬೋದು. ಓಡಾಡುವುದು ಎಲ್ಲಿಗೆ, ತನ್ನ ಹಳ್ಳಿ ಕ್ರೈಲಿನಿಂದ ಈ ಜ್ವೊಲ್ಲೆ ಪೇಟೆಗೆ, ಜ್ವೊಲ್ಲೆಯಿಂದ ಕ್ರೈಲಿಗೆ, ಎಡಕ್ಕೂ ಬಲಕ್ಕೂ ಒಂದೇ ಸಮ ಚಪ್ಪಟೆ ನೆಲ, ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದದ್ದು, ಈಗ ಪಟ್ಟಿಪಟ್ಟಿ ಟ್ಯುಲಿಪ್. ಅವಳ ಎಡಗೈಯಲ್ಲಿ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಒಂದು ಹೂವು, ಒಳಗೆ ಬಂದಾಗಲೇ ಸ್ಟೈನ್ ಕೇಳಿದ್ದ, ಯಾರದ್ದಾದ್ರೂ ಹುಟ್ಟುಹಬ್ಬನಾ ಮೇಡಂ, ಇಲ್ಲ, ಕಂಪ್ಯೂಟರ್ ನೋಡೋಕೆ ಇದನ್ನ ಕರ್ಕೊಂಡ್ಬಂದೆ, ಅವನು ನಕ್ಕ, ಆಮೇಲೆ ಅವಳು ನಗಲಿಲ್ಲವೆಂದು ನಿಲ್ಲಿಸಿದ. ಬೂದಿ ಬಣ್ಣದ ಸ್ವೆಟರು, ಬೂದಿ ಬಣ್ಣದ ಪ್ಯಾಂಟು, ಯಾರೋ ಸತ್ತ ಮನೆಯಿಂದ ಬಂದವಳ ಹಾಗೆ ಕಾಣುತ್ತಿರಬೇಕು, ಬಣ್ಣ ನೋಡಿ ಹೊಟ್ಟೆ ಹೊರೆಯುವವರು ಕೆಂಪು ಅಂಗಿ ಹಾಕಿ ಪರದೆಯ ಮುಂದೆ ಕೂತರೆ ಅಂಗಿಯ ಕೆಂಪು ಗಾಜಿಗೆ ಬಡಿದು ಕಣ್ಣಿಗೆ ಬರುತ್ತದೆ, ಇದನ್ನು ಈ ಮನುಷ್ಯನಿಗೆ ಹೇಳುತ್ತಾ ನಿಂತರೆ ಹೂವು ಬಾಡುತ್ತದೆ. ಪರದೆಯ ಮೇಲಿರುವುದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಪಕ್ಕ ತೆಗೆದ ಫೋಟೋ, ಫೋಟೋದ ಹೂವು ಅಪ್ಪನ ಮೇಜಿನ ಮೇಲೆ ಗ್ಲಾಸಿನಲ್ಲಿ ನಿಂತಿದೆ, ಕೈಯಲ್ಲಿರುವುದು ಅದೇ ಸಾಲಿನದ್ದು, ಪಕ್ಕದ ಗಿಡದ್ದು, ಬಣ್ಣಕ್ಕೆ ಬಣ್ಣ ತಾಳೆ ನೋಡಲು. ತಾಳೆಯಾಗುತ್ತಿಲ್ಲ. ಕೈಯಲ್ಲಿರುವ ನೇರಳೆಯಲ್ಲಿ ಕಂದು ಇದೆ, ಬದನೆಕಾಯಿಯ ತೊಟ್ಟಿನ ಹತ್ತಿರ ಇರುತ್ತದಲ್ಲ ಅಂಥದ್ದು, ಪರದೆಯ ನೇರಳೆ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ಕೂತಿದೆ, ಸೊಗಸಾಗಿದೆ, ಸುಳ್ಳು.

ಇವತ್ತೇ ಆಗಬೇಕು, ಏಕೆಂದರೆ ನಾಳೆ ಬೆಳಿಗ್ಗೆ ಪಕ್ಕದ ಹೊಲದ ಡೌವೆ ಹೂವಿನ ತಲೆ ಕತ್ತರಿಸುವ ಯಂತ್ರ ತರುತ್ತಾನೆ. ಟ್ಯುಲಿಪ್ ಗಡ್ಡೆ ಬೆಳೆದು ಮಾರುವವರಿಗೆ ಹೂವು ಬೇಕಾದದ್ದು ಪರೀಕ್ಷೆಗೆ ಮಾತ್ರ, ಅರಳಲಿ, ಬಣ್ಣ ನಿಜವೇ ನೋಡೋಣ, ರೋಗವಿದೆಯೇ ನೋಡೋಣ, ನೋಡಿಯಾದ ಮೇಲೆ ತಲೆ ಹಾರಿಸು, ಶಕ್ತಿಯೆಲ್ಲ ಮಣ್ಣಿನೊಳಗಿನ ಗಡ್ಡೆಗೆ ಇಳಿಯಲಿ. ಬಸ್ಸಿನಲ್ಲಿ ಬರುವ ಪ್ರವಾಸಿಗರು ಅಳುಮುಖ ಮಾಡುತ್ತಾರೆ, ಅಯ್ಯೋ ಯಾಕ್ ಕತ್ತರಿಸ್ತೀರಿ, ಡೌವೆ ಯಂತ್ರದ ಮೇಲಿಂದ ಕೂಗುತ್ತಾನೆ, ನಿಮ್ಮ ತಲೆ ಅಲ್ವಲ್ಲ, ಸುಮ್ನಿರಿ. ಸಾಲುಗಳ ನಡುವೆ ತಲೆಗಳ ರಾಶಿ ಬೀಳುತ್ತದೆ, ಎರಡು ದಿನಕ್ಕೆ ಕೊಳೆತು ವಾಸನೆ, ಹೊಲವಿಡೀ ಬರೀ ಹಸಿರು ದಂಟು, ಯಾವ ಗಡ್ಡೆ ಯಾವ ಹೂವಿನದು, ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು, ದೇವರಿಗೂ ಗೊತ್ತಾಗುವುದಿಲ್ಲ ಮುಂದಿನ ವಸಂತದವರೆಗೆ. ನಾಳೆ ಕಪ್ಪಿಯ ತಲೆಯೂ ಹೋಗುತ್ತದೆ. ಕಪ್ಪಿ ಎನ್ನುವುದು ಕೈಯಲ್ಲಿರುವ ಈ ಕಂದು ನೇರಳೆ ತಳಿಗೆ ಅಪ್ಪ ಇಟ್ಟ ಕರೆಯುವ ಹೆಸರು, ನಿಜವಾದ ಹೆಸರು ಇನ್ನೂ ಇಲ್ಲ, ಅಪ್ಪ ಅಂದರೆ ವೀಬ, ಸುತ್ತಲಿನ ಬೆಳೆಗಾರರೆಲ್ಲ ಒಂದು ಕಾಲಕ್ಕೆ ತಮ್ಮ ಹೊಲ ನೋಡಿ ಹೋಗು ಎಂದು ಕರೆಯುತ್ತಿದ್ದ ಮನುಷ್ಯ, ಅವಳು ಚಿಕ್ಕ ಶಾಲೆಯಲ್ಲಿದ್ದಾಗ ಎರಡು ಹೂವುಗಳ ಪರಾಗ ಕೂಡಿಸಿ ಬೀಜ ಹಿಡಿದದ್ದು, ಬೀಜ ಗಡ್ಡೆಯಾಗಿ, ಗಡ್ಡೆ ಹೂವಾಗಿ, ಒಂದು ಗಡ್ಡೆ ಒಂದು ಮಡಿಯಾಗುವಷ್ಟರಲ್ಲಿ ಅವಳ ಮದುವೆಯೂ ಆಗಿ ಮುಗಿದೂ ಹೋಗಿತ್ತು. ಶುಕ್ರವಾರ ರಫ್ತಿನವರು ಹೊಸ ತಳಿ ಆರಿಸಲು ಕೂರುತ್ತಾರೆ, ಹೂವನ್ನು ನೋಡುವುದಿಲ್ಲ, ಫೋಟೋ ನೋಡುತ್ತಾರೆ, ಹೋದ ವರ್ಷ ಅವಳ ಹಳೇ ಲ್ಯಾಪ್‌ಟಾಪಿನಿಂದ ಹೋದ ಫೋಟೋ ನೋಡಿ ಇಂಥ ಕೆಂಪು ನಮ್ಮತ್ರ ಬೇಕಾದಷ್ಟಿದೆ ಎಂದರು, ಕೆಂಪಂತೆ. ಅಪ್ಪ ಬ್ರೆಡ್ಡಿನ ಮೇಲೆ ಚಾಕಲೇಟ್ ಚೂರು ಉದುರಿಸಿಕೊಳ್ಳುತ್ತಾ ಹೇಳಿದ, ಅರ್ಧ ತಟ್ಟೆಯ ಹೊರಗೆ ಉದುರಿತು, ಈ ಸಲಾನೂ ಯಾರೂ ಕೇಳ್ದಿದ್ರೆ ಉತ್ತುಬಿಡ್ತೀನಿ, ಸಾಕಿದ್ದು ಸಾಕು. ಉತ್ತುಬಿಡುವವನೇ ಅವನು, ಮಾತಿಗೆ ತಪ್ಪುವವನಲ್ಲ, ನಾಯಿಯನ್ನೂ ಹಾಗೇ ಒಂದು ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರೀ ಸರಪಳಿ ತಂದಿದ್ದ. ಆದ್ದರಿಂದ ಇವತ್ತು. ಹೂವು ಬದುಕಿರುವಾಗಲೇ ಅದರ ಬಣ್ಣ ತೋರಿಸಬಲ್ಲ ಯಂತ್ರ, ಅದರ ಮೇಲೆ ತಿದ್ದಿದ ಫೋಟೋ, ಶುಕ್ರವಾರ ಅದೇ ಹೋಗಬೇಕು.

ಇದಕ್ಕಿಂತ ಗಟ್ಟಿದು ಬೇಕಾ, ಎಂದು ಸ್ಟೈನ್ ಮುಂದಿನ ಮೇಜಿಗೆ ಕರೆದೊಯ್ದ, ಕರಿ ಡಬ್ಬಿ, ಒಳಗೆ ಹಸಿರು ನೀಲಿ ದೀಪಗಳು ಜಾತ್ರೆ ಮಾಡುತ್ತಿವೆ, ಇದ್ರಲ್ಲಿ ಮೆಮೊರಿ ಡಬಲ್ಲು ಮೇಡಂ, ನೂರು ಫೋಟೋ ಒಟ್ಟಿಗೆ ತೆರೆದ್ರೂ ಏದುಸಿರು ಬಿಡಲ್ಲ, ನನ್ನ ತಮ್ಮ ಇದ್ರಲ್ಲೇ ಆಟ ಆಡೋದು. ಮೆಮೊರಿ ಬೇಕು, ಹೌದು, ಹಳೆಯದು ದೊಡ್ಡ ಫೋಟೋ ತೆರೆದರೆ ಮುದುಕನ ಹಾಗೆ ಮೆಟ್ಟಿಲಲ್ಲಿ ಕೂತುಬಿಡುತ್ತದೆ, ಆದರೆ ಈ ಡಬ್ಬಿಗೆ ಜೋಡಿಸಿದ ಪರದೆ ಇನ್ನೂ ಕೆಟ್ಟದ್ದು, ಕಪ್ಪಿ ಇಲ್ಲಿ ಗುಲಾಬಿಗೆ ತಿರುಗಿದ್ದಾಳೆ, ಗೆರೆಯೂ ಇದೆ, ಇಲ್ಲೂ ಟ್ಯೂಬು. ಪೆನ್‌ಡ್ರೈವಿನಲ್ಲಿ ಇನ್ನೊಂದು ಫೋಟೋ ಇತ್ತಲ್ಲ ಮೇಡಂ ಎಂದು ಅವನೇ ಒತ್ತಿದ, ಯೊರಿತನದ್ದು ತೆರೆಯಿತು. ಯೊರಿತ್ ಚಿಕ್ಕಪ್ಪನ ಮಗ, ಆಮ್‌ಸ್ಟರ್‌ಡ್ಯಾಮಿನಲ್ಲಿ ಬೀಜ ಗಡ್ಡೆಗಳ ಕ್ಯಾಟಲಾಗು ಮಾಡುವ ಕಡೆ ಫೋಟೋ ತಿದ್ದುತ್ತಾನೆ, ಬೆಳಿಗ್ಗೆ ಅವಳು ಕಳಿಸಿದ್ದನ್ನು ಬಸ್ಸು ಹತ್ತುವಷ್ಟರಲ್ಲಿ ವಾಪಸ್ ಕಳಿಸಿದ್ದ, ಸ್ವಲ್ಪ ನೀಲಿ ಏರ್ಸಿದೀನಿ, ಕಂದು ಯಾರಿಗೂ ಬೇಡ, ಕಿಟಕಿ ಹೊಳಪಿನ ಗೆರೆ ಒಂದಿತ್ತು ಒರೆಸ್ದೆ, ಥ್ಯಾಂಕ್ಸ್ ಬೇಡ ಬಿಯರ್ ಕೊಡ್ಸು, ಮತ್ತೆ ಆ ತೆಳ್ಳನೆ ಲ್ಯಾಪ್‌ಟಾಪೇ ತಗೋ ರೆನ್ಸ್ಕೆ, ಅದ್ರಲ್ಲಿ ಎಲ್ಲಾನೂ ಚೆನ್ನಾಗ್ ಕಾಣುತ್ತೆ. ವಾವ್ ಎಂದ ಸ್ಟೈನ್, ಇದು ಸೂಪರಾಗಿದೆ, ಇದನ್ನೇ ಕಳ್ಸಿ. ನಿಜಕ್ಕೂ ಚೆನ್ನಾಗಿದೆ, ಮುಸ್ಸಂಜೆಯ ಹಾಗೆ ನೀಲಿ, ರಫ್ತಿನವರು ಮುಗಿಬಿದ್ದು ಕೊಳ್ಳುತ್ತಾರೆ, ಮುಂದಿನ ವಸಂತಕ್ಕೆ ಯಾರದೋ ಅಂಗಳದಲ್ಲಿ ಕಂದು ಹೂವು ಅರಳುತ್ತದೆ, ಫೋಟೋ ಹಿಡಿದುಕೊಂಡು ಬೈಯುತ್ತಾರೆ, ಆಗ ಹೆಸರು ಯೊರಿತನದಲ್ಲ, ವೀಬನದು. ಬೇಡ. ಎಲ್ಲಾ ಚೆನ್ನಾಗಿ ಕಾಣುವ ಯಂತ್ರ ಬೇಡ. ಅಲ್ಲಿ ಮೂಲೆಯಲ್ಲಿ ಮುಸುಕು ಹಾಕ್ಕೊಂಡು ನಿಂತಿದೆಯಲ್ಲ ಅದು ಏನು, ಎಂದಳು.

ಅದು ಅಚ್ಚು ಹಾಕೋರು, ಆಸ್ಪತ್ರೆಯೋರು ತಗೊಳ್ಳೋದು ಮೇಡಂ, ಸಪ್ಪೆ, ಎಂದ ಸ್ಟೈನ್, ಸಪ್ಪೆನೇ ತೋರ್ಸಿ ಎಂದಳು ಅವಳು. ಬೂದು ಡಬ್ಬಿ, ದೀಪವಿಲ್ಲ, ಜಾತ್ರೆಯಿಲ್ಲ, ಪಕ್ಕದಲ್ಲಿ ಅಗಲದ ಪರದೆ, ಗಾಜು ಮಿರುಗುವುದೇ ಇಲ್ಲ, ಸ್ಲೇಟಿನ ಹಾಗೆ, ಮೇಲೂ ಬದಿಗೂ ಕರಿ ಹಲಗೆ ಬಾಗಿಸಿ ನೆರಳು ಮಾಡಿದ್ದಾರೆ. ಇದರಲ್ಲಿ ಮೆಮೊರಿ ಎಷ್ಟು ಹಾಕಬಹುದು, ಬೇಕಾದಷ್ಟು ಹಾಕ್ಬೋದು, ಆದ್ರೆ ಎತ್ಕೊಂಡು ಓಡಾಡೋಕಾಗಲ್ಲ, ನಾನೇನು ಓಡಿಹೋಗ್ತಿಲ್ಲ. ಬೆಳಕು ಇಳಿಸಿದಳು, ಅವನು ಸಂಕಟಪಟ್ಟ, ಇನ್ನೂ ಇಳಿಸಿದಳು, ತನ್ನ ಫೋಟೋ ತೆರೆದಳು, ಯಾರೂ ತಿದ್ದದೆ ಇರುವುದು, ಬೆಳಗಿನದು. ಕಪ್ಪಿ. ಪತ್ರಿಕೆ ಬಿಡಿಸಿ ಹೂವನ್ನು ಪರದೆಯ ಪಕ್ಕ ಹಿಡಿದಳು, ಅಂಗಡಿಯ ಬಿಸಿಗೆ ಅದು ಬಾಯಿ ಬಿಟ್ಟಿತ್ತು, ಕೈಯಲ್ಲಿನ ಕಂದು ಪರದೆಯ ಕಂದು ಒಂದೇ, ಅಕ್ಕತಂಗಿಯರ ಹಾಗೆ, ಸಪ್ಪೆ, ಗಟ್ಟಿ, ನಿಜ. ಇದೇ. ಇದೇ ತಗೊಳ್ತೀನಿ ಎನ್ನಲು ಬಾಯಿ ತೆರೆದಳು, ಗೆರೆ. ತಲೆ ಎಡಕ್ಕೆ ವಾಲಿಸಿದಳು. ಗೆರೆ ಜಾರಲಿಲ್ಲ. ಬಲಕ್ಕೆ. ಜಾರಲಿಲ್ಲ. ಟ್ಯೂಬು — ಇಲ್ಲಿ ಟ್ಯೂಬು ಬೀಳುವುದಿಲ್ಲ, ಮುಸುಕಿದೆ, ಗಾಜು ಮಿರುಗುವುದಿಲ್ಲ. ಹಾಗಾದರೆ ಕಿಟಕಿಯ ಹೊಳಪು, ಬೆಳಿಗ್ಗೆ ಫೋಟೋ ತೆಗೆಯುವಾಗ ಹಾಗೆಂದೇ ಅಂದುಕೊಂಡಿದ್ದಳು, ಯೊರಿತನೂ ಅಂದುಕೊಂಡ, ಹೊಳಪಾದರೆ ಅಂಚು ಕರಗಿರಬೇಕು, ದೊಡ್ಡದು ಮಾಡಿದಳು, ಇನ್ನೂ ದೊಡ್ಡದು, ಕರಗಿಲ್ಲ, ಹರಿತವಾಗಿದೆ, ಅಂಚಿನ ಹತ್ತಿರದಿಂದ ಹೊರಟು ಬುಡದ ಕಡೆಗೆ ಇಳಿದು ಎರಡಾಗಿ ಸೀಳಿ ಗರಿಯ ಹಾಗೆ, ಬಣ್ಣ ಅಲ್ಲಿ ಒಡೆದಿದೆ, ಬಣ್ಣ ಒಡೆಯುವುದು, ಬಣ್ಣ ಒಡೆಯುವುದು ಎಂದರೆ — ಚಿಕ್ಕಂದಿನ ಒಂದು ದಿನ, ಏಪ್ರಿಲ್ ಗಾಳಿ, ಮೊಣಕಾಲವರೆಗೆ ಬೂಟು, ಸಾಲಿನ ನಡುವೆ ಅಪ್ಪನ ಬೆನ್ನು, ಅಪ್ಪನ ಕೈಯಲ್ಲಿ ಕರಿ ಕೊಡೆ, ಮಳೆಯಿಲ್ಲದ ದಿನ ಕೊಡೆ ಯಾಕಪ್ಪಾ, ಬಿಸಿಲು ಎಸಳಿನ ಮೇಲೆ ಆಟ ಆಡುತ್ತೆ, ಹೊಳಪು ಅಂದ್ಕೊಂಡು ಮುಂದೆ ಹೋಗ್ಬೇಡ, ಕೊಡೆ ಹಿಡಿ, ಕೊಡೆ ಕೆಳಗೆ ಮಾಯವಾದ್ರೆ ಬಿಸಿಲು, ಕೊಡೆ ಕೆಳಗೂ ಇದ್ರೆ ರೋಗ, ಕಿತ್ತು ಚೀಲಕ್ಕೆ ಹಾಕು, ಗಡ್ಡೆ ಸಮೇತ, ಕನಿಕರ ಬೇಡ, ಒಂದು ಉಳಿದ್ರೆ ಮಡಿ ಪೂರ್ತಿ ಹೋಯ್ತು. ಈ ವಸಂತದಲ್ಲಿ ರೋಗದ ಗಿಡ ಹುಡುಕಲು ಅಪ್ಪ ಒಬ್ಬನೇ ಸಾಲು ನಡೆದ, ಬೇರೆಯವರು ಬೇಡ ಎಂದ, ಕೊಡೆಯನ್ನೂ ಬಿಟ್ಟು ಹೋದ, ಸಂಜೆ ಬಂದು ಮಜ್ಜಿಗೆ ಕುಡಿದು ಹೇಳಿದ, ಕಪ್ಪಿ ಮಡೀಲಿ ಒಂದೂ ಇಲ್ಲ, ಅಪ್ಪಟ ಚೊಕ್ಕ. ಪತ್ರಿಕೆಯ ಮಸಿ ಈಚೆಗೆ ಸರಿಯಿಲ್ಲವೆಂದು ಬೈಯುತ್ತಾನೆ, ಕಿಟಕಿಯವರೆಗೆ ಒಯ್ದು ಓದುತ್ತಾನೆ, ತಟ್ಟೆಯ ಹೊರಗೆ ಉದುರಿದ ಚಾಕಲೇಟು. ಮಸಿಯಲ್ಲ. ಕೈಯಲ್ಲಿದ್ದ ಹೂವನ್ನು ಮುಸುಕಿನ ನೆರಳಿಗೆ ಹಿಡಿದು ಎಸಳು ಎಸಳೇ ತಿರುಗಿಸಿದಳು, ಒಳಗೆ, ಹೊರಗೆ, ಬುಡ, ಏನೂ ಇಲ್ಲ, ಚೊಕ್ಕ. ಹಾಗಾದರೆ ಎಲ್ಲವೂ ಹೋಗಿಲ್ಲ. ಹೂವಿರುವಾಗ ಹುಡುಕಿದರೆ ಮಡಿ ಉಳಿಯುತ್ತದೆ, ತಲೆ ಹಾರಿಸಿದ ಮೇಲೆ ಯಾವ ದಂಟನ್ನು ಹುಡುಕುವುದು, ಯಂತ್ರದ ಬ್ಲೇಡು ಒಂದರ ರಸ ಇನ್ನೊಂದಕ್ಕೆ ಮೆತ್ತುತ್ತಾ ಸಾಲುದ್ದ ಹೋಗುತ್ತದೆ. ನಾಳೆ ಬೆಳಿಗ್ಗೆ ಡೌವೆ.

ಫೋನು ತೆಗೆದಳು, ಸ್ಟೈನ್ ಏನೋ ಹೇಳುತ್ತಿದ್ದ, ಕೈ ಎತ್ತಿ ತಡೆದಳು. ಅಪ್ಪಾ, ಗ್ಲಾಸಿನ ಹೂವು ಮುಂದೆ ಇದೆಯಾ. ಇದೆ, ಎಲ್ಲಿಗೆ ಹೋಗುತ್ತೆ, ಕಾಲಿಲ್ಲವಲ್ಲ, ಎಂದ ಅಪ್ಪ. ಕಿಟಕಿ ಕಡೆ ಎಸಳಿದೆಯಲ್ಲ, ಅದನ್ನ ನಿನ್ನ ಕಡೆ ತಿರುಗ್ಸು, ಬೆಳಕಿಗೆ ಬೆನ್ನು ಕೊಟ್ಟು ನೋಡು. ಕುರ್ಚಿ ಜರುಗಿದ ಸದ್ದು, ಗ್ಲಾಸು ಮೇಜಿಗೆ ತಾಗಿದ ಸದ್ದು, ಅಪ್ಪನ ಉಸಿರು. ನೋಡ್ದೆ. ಏನಿದೆ. ಹೂವಿದೆ, ಇನ್ನೇನಿರುತ್ತೆ. ಅಂಚಿಗಿಂತ ಸ್ವಲ್ಪ ಒಳಗೆ ನೋಡಪ್ಪಾ, ಕೈಯಡ್ಡ ಹಿಡಿದು ನೋಡು. ಮತ್ತೆ ಉಸಿರು, ಹತ್ತಿರ ಬಗ್ಗಿದ ಉಸಿರು, ಎಸಳಿಗೆ ಮೂಗು ತಾಗಿಸಿದ್ದಾನೆ ಈಗ, ಗೊತ್ತು ಅವಳಿಗೆ. ಚೆನ್ನಾಗಿದೆ ರೆನ್ಸ್ಕೆ, ಎಂದ, ಚೊಕ್ಕವಾಗಿದೆ, ನನಗೇನೂ ಕಾಣ್ತಿಲ್ಲ. ಕಾಣ್ತಿಲ್ಲ ಎಂದವನು ತನ್ನ ಮಾತು ತಾನೇ ಕೇಳಿಸಿಕೊಂಡಿರಬೇಕು, ಗ್ಲಾಸು ಮತ್ತೆ ಮೇಜಿಗೆ ತಾಗಿತು. ಸುಳ್ಳು ಹೇಳಬಹುದು, ಯಂತ್ರ ತಡೆಯಲು ಮಳೆಯ ನೆಪ ಹೇಳಬಹುದು, ಹೇಳುವುದಿಲ್ಲ, ಅವನೇ ಕಲಿಸಿದ್ದು, ಕನಿಕರ ಬೇಡ. ಗೆರೆ ಇದೆ ಅಪ್ಪಾ, ಎಂದಳು, ಗರಿ ಬಿಟ್ಟಿದೆ, ಡೌವೆಗೆ ಫೋನ್ ಮಾಡು, ನಾಳೆ ಬೇಡ ಅನ್ನು, ನಾಳೆ ಸಾಲು ನಾನು ನಡೀತೀನಿ. ನಾನು ನಡೆದಿದೀನಲ್ಲೇ. ನಡೆದಿದೀಯ, ಗೊತ್ತು. ನೀನು ಇದನ್ನ ಎಲ್ಲಿ ನೋಡ್ದೆ, ಎಂದ ಅಪ್ಪ, ಜ್ವೊಲ್ಲೇಲಿ, ಅಂಗಡೀಲಿ, ಪರದೆ ಮೇಲೆ, ಎಂದಳು, ಪರದೆ ಮೇಲೆ ಎಂದು ಅವನು ಮತ್ತೊಮ್ಮೆ ಹೇಳಿಕೊಂಡ, ಥೂ, ಎಂದ, ಯಾರಿಗೆ ಅಂದನೋ. ಕೊಡೆ ಎಲ್ಲಿಟ್ಟಿದೀಯ ಅಪ್ಪಾ. ಶೆಡ್ಡಿನ ಬಾಗಿಲ ಹಿಂದೆ, ಎಂದ, ಒಂದು ಕಡ್ಡಿ ಮುರಿದಿದೆ, ನಾನೂ ಬರ್ತೀನಿ. ಬಾ, ಕೊಡೆ ನೀನು ಹಿಡ್ಕೋ. ಫೋನು ಇಟ್ಟಾಯಿತು. ಶುಕ್ರವಾರ ಕಂದು ಬಣ್ಣದ ಫೋಟೋವೇ ಹೋಗುತ್ತದೆ, ಚೊಕ್ಕ ಗಿಡದ ಹೂವು, ಏನೂ ಒರೆಸದೆ, ನೀಲಿ ಏರಿಸದೆ, ಬೇಕಾದವರು ಕೊಳ್ಳಲಿ, ಬೇಡದವರು ಬಿಡಲಿ, ಕಣ್ಣಿನ ಡಾಕ್ಟರಿಗೆ ಸೋಮವಾರ, ಎಳೆದುಕೊಂಡಾದರೂ. ಹೂವನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿದಳು. ಇದೇ ಕೊಡಿ, ಡಬ್ಬೀನೂ ಪರದೇನೂ, ಮುಸುಕು ಸಮೇತ. ಲ್ಯಾಪ್‌ಟಾಪಲ್ಲಿ ಎಷ್ಟು ಚೆನ್ನಾಗ್ ಕಾಣ್ತಿತ್ತು ಮೇಡಂ, ಎಂದ ಸ್ಟೈನ್, ಕೊನೆಯ ಪ್ರಯತ್ನವೆಂಬಂತೆ, ಅದಕ್ಕೇ ಬೇಡ ಎಂದಳು. ಸರಿ ಪ್ಯಾಕ್ ಮಾಡಿಸ್ತೀನಿ ಎಂದು ಅವನು ಪರದೆ ಆರಿಸಲು ಕೈ ಚಾಚಿದ, ತಡೀರಿ, ಒಂದ್ನಿಮಿಷ — ತಲೆ ಎಡಕ್ಕೆ, ತಲೆ ಬಲಕ್ಕೆ, ಕಂದು ನೇರಳೆಯ ಮೇಲೆ, ಅಂಚಿಗಿಂತ ಸ್ವಲ್ಪ ಒಳಗೆ, ಕೂದಲೆಳೆಯಷ್ಟು, ಬಿಳಿ, ಅಲ್ಲೇ.