ಅಪ್ಪನ ಹೆಸರಿನವಳು

ನಟನೀನನಿಗೆ ಅರವತ್ತು ದಾಟಿತ್ತು. ಅವನ ಅಪ್ಪ ಕೌನಾಕ್ ಇಪ್ಪತ್ತೆರಡರ ಹುಡುಗಿ.

ನಟನೀನನನ್ನು ಹೆತ್ತ ಮೊದಲ ಕೌನಾಕ್ ತೀರಿಕೊಂಡ ಚಳಿಗಾಲದಲ್ಲೇ ಪಕ್ಕದ ಮನೆಯಲ್ಲಿ ಇವಳು ಹುಟ್ಟಿದಳು. ನಮ್ಮಲ್ಲಿ ಸತ್ತವರ ಹೆಸರು ಹೊಸದಾಗಿ ಹುಟ್ಟಿದ ಮಗುವಿಗೆ ಹೋಗುತ್ತದೆ. ಹೆಸರು ಇವಳಿಗೆ ಬಂತು, ಹೆಸರಿನ ಜೊತೆ ಮುದುಕನೂ ಬಂದ. ಅಂದಿನಿಂದ ನಟನೀನ್ ಇವಳನ್ನು ಅಪ್ಪಾ ಎನ್ನುತ್ತಿದ್ದ, ಮಾತು ಕಲಿತ ಮೇಲೆ ಇವಳು ಅವನನ್ನು ಮಗನೇ ಎನ್ನುತ್ತಿದ್ದಳು. ನಟನೀನನ ಮಗ ಯೊಆಸಿಗೆ ಮೂವತ್ತು ವರ್ಷ. ಅವನಿಗೆ ಇವಳು ಅಜ್ಜ. ಹೆತ್ತವರಿಗೆ ಯಾರೂ ಹುಕುಂ ಮಾಡುವುದಿಲ್ಲ, ಗದರುವುದಿಲ್ಲ. ಇವಳಿಗೂ ಆ ಮನೆಯಲ್ಲಿ ಯಾರೂ ಗದರಿರಲಿಲ್ಲ.

ಆ ಬೇಸಿಗೆ ದಕ್ಷಿಣದ ಒಂದು ವಿಶ್ವವಿದ್ಯಾಲಯ ನಮ್ಮ ಊರಿನಲ್ಲಿ ಉತ್ತರ ಧ್ರುವ ಅಧ್ಯಯನದ ಕೋರ್ಸ್ ನಡೆಸಿತು. ಇತಿಹಾಸ, ಕಾನೂನು ಕಲಿಸಲು ಕ್ಯಾರಲ್ ವಿನ್ ಎಂಬ ಪ್ರೊಫೆಸರ್ ಬಂದಿದ್ದರು. ಸಮುದ್ರದ ಪಾಠ ನಟನೀನನದು, ಅರ್ಧ ಅಂಕವೂ ಅವನ ಕೈಯಲ್ಲಿ. ಕಲಿಕಾ ಕೇಂದ್ರದ ಬೀಗದ ಕೈ ನನ್ನ ಬಳಿ ಇರುತ್ತದೆ, ದೋಣಿಯ ಎಂಜಿನ್ನೂ ನನ್ನದೇ.

ಮೊಳದುದ್ದ ಕೋರೆಹಲ್ಲಿನ ಕಡಲಪ್ರಾಣಿ ವಾಲ್ರಸ್‌ನ ಬೇಟೆಯಲ್ಲಿ ಕ್ರಮ ಒಂದೇ. ಮೊದಲು ಹಗ್ಗ ಕಟ್ಟಿದ ಈಟಿ ನಾಟಬೇಕು, ಹಗ್ಗದ ತುದಿಯ ತೇಲುವ ಚೆಂಡು ನೀರಿಗೆ ಬೀಳಬೇಕು, ಆಮೇಲೆ ಗುಂಡು. ಗುಂಡು ಮೊದಲಾದರೆ ಸತ್ತ ಪ್ರಾಣಿ ಮುಳುಗಿಹೋಗುತ್ತದೆ. ಸಾಯದೆ ಗಾಯಗೊಂಡದ್ದು ದೋಣಿಯ ಮೇಲೆರಗುತ್ತದೆ.

ದಡದಲ್ಲಿ ಖಾಲಿ ಡ್ರಮ್ಮು ತೇಲಿಬಿಟ್ಟು ಅಭ್ಯಾಸ ಮಾಡಿಸಿದೆವು. ಕೋರ್ಸ್ ಸೇರಿದ್ದ ಕೌನಾಕ್‌ಳ ಗುರಿ ಚೆನ್ನಾಗಿತ್ತು. ಆದರೆ ಯೊಆಸಿ ಈಟಿ ಎತ್ತುವಷ್ಟರಲ್ಲೇ ಅವಳ ಗುಂಡು ಹಾರುತ್ತಿತ್ತು. ಮತ್ತೆ ಮಾಡಿಸಿದಾಗಲೂ ಅಷ್ಟೇ. ನಟನೀನ್ ನಕ್ಕು ಚಹಾಕ್ಕೆ ನೀರಿಟ್ಟ.

"ಅಜ್ಜಾ, ಯಾಕಿಷ್ಟು ಆತುರ? ಹೋದ ಜನ್ಮದಲ್ಲಿ ಬೇಟೆ ಸಾಕಾಗಲಿಲ್ವಾ?" ಯೊಆಸಿ ರೇಗಿಸಿದ.

"ನಿನ್ನ ಕೈ ನಿಧಾನ ಕಣೋ ಮೊಮ್ಮಗನೇ. ಅದಕ್ಕೆ ನಾನೇನು ಮಾಡ್ಲಿ?"

ಅವಳನ್ನು ಪಕ್ಕಕ್ಕೆ ಕರೆದು ನಾನು ಹೇಳಿದೆ: "ಈಟಿಗಿಂತ ಮೊದಲು ಹೊಡೀಬೇಡ ಕಣೇ."

"ಮಗ ಏನೂ ಅನ್ನಲಿಲ್ವಲ್ಲ," ಎಂದಳು.

ನಟನೀನನ ಬಳಿ ಹೋದೆ. ಕ್ಯಾರಲ್ ಕೂಡ ಅಲ್ಲೇ ರೊಟ್ಟಿ ಮುರಿಯುತ್ತಾ ಕೂತಿದ್ದರು.

"ತಪ್ಪು ತಿದ್ದೋದಿಲ್ವಾ ನೀವು?" ಅವರು ಕೇಳಿದರು.

"ಅಪ್ಪನಿಗೆ ಹೇಗೆ ಬೈಯ್ಲಿ? ನೋಡ್ತಾ ನೋಡ್ತಾ ಕಲೀತಾಳೆ. ನಾನೂ ಹಾಗೇ ಕಲಿತದ್ದು."

"ನಾಳೆ ಈಟಿ ಹಿಡಿದು ನಿಲ್ಲೋನು ನಿನ್ನ ಮಗ," ಎಂದೆ.

"ಗೊತ್ತು, ಮಿಯಾಲಿಯಾ. ಪಾಠ ನನ್ನದು."

ಮರುದಿನ ಗಾಳಿ ಇರಲಿಲ್ಲ. ತೇಲುವ ಮಂಜುಗಡ್ಡೆಯೊಂದರ ಮೇಲೆ ವಾಲ್ರಸ್‌ಗಳು ಒಂದರ ಮೇಲೊಂದು ಒರಗಿ ಮಲಗಿದ್ದವು. ವಾಸನೆ ಮೊದಲು ಬಂತು, ಆಮೇಲೆ ಗೊರಕೆ. ಎಂಜಿನ್ ತಗ್ಗಿಸಿದೆ. ಯೊಆಸಿ ಈಟಿ ಹಿಡಿದು ಮುಂಭಾಗದಲ್ಲಿ ನಿಂತ. ಅವನ ಹಿಂದೆ ಬಂದೂಕು ಹಿಡಿದ ಕೌನಾಕ್, ಅವಳ ಪಕ್ಕದಲ್ಲಿ ನಟನೀನ್. ಕ್ಯಾರಲ್ ನನ್ನ ಕಾಲ ಬಳಿ ಕೂತಿದ್ದರು.

ಗುಂಪು ನೀರಿಗೆ ಜಾರಿತು. ದೊಡ್ಡ ಗಂಡೊಂದು ಮಾತ್ರ ದೋಣಿಯ ಪಕ್ಕದಲ್ಲೇ ತಲೆ ಎತ್ತಿತು. ಯೊಆಸಿ ತೋಳು ಹಿಂದಕ್ಕೆಳೆದ. ಕೌನಾಕ್‌ಳ ಬೆರಳು ಆಗಲೇ ಟ್ರಿಗರ್ ಮೇಲಿತ್ತು. ನಟನೀನ್ ಅದನ್ನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ. ಬಾಯಿ ತೆರೆದ.

"ಅಪ್ಪಾ," ಎಂದ. ಮುಂದಿನ ಮಾತು ಬರಲಿಲ್ಲ.

ಗುಂಡು ದವಡೆಯನ್ನು ಸೀಳಿತು. ರಕ್ತ, ಮೂಳೆಯ ಚೂರು ಯೊಆಸಿಯ ಮುಖಕ್ಕೆ ಸಿಡಿದವು. ಈಟಿ ಬರಿ ನೀರಿಗೆ ಬಿತ್ತು. ಪ್ರಾಣಿ ಮುಳುಗಿತು. ಅದು ಎಲ್ಲಿದೆ ಎಂದು ತೋರಿಸಲು ಮೇಲೆ ಚೆಂಡೂ ಇಲ್ಲ, ಹಗ್ಗವೂ ಇಲ್ಲ. ಹಿಂದಕ್ಕೆ ಹೋಗೋಣವೆಂದು ಗೇರ್ ಹಾಕಿದೆ. ಅಷ್ಟರಲ್ಲಿ ದೋಣಿ ಕೆಳಗಿನಿಂದ ಎದ್ದಿತು. ಪಕ್ಕದ ನೀರು ಒಡೆದು ತಲೆ ಮೇಲೆ ಬಂತು, ಎರಡೂ ಕೋರೆಹಲ್ಲು ದೋಣಿಯ ಅಂಚನ್ನು ದಾಟಿ ಒಳಗೆ ಬಿದ್ದವು. ಒಂದು ತಗಡಿಗೆ ನಾಟಿತು. ಇನ್ನೊಂದು, ಹಲಗೆಯ ಮೇಲೆ ಕುಸಿದ ಯೊಆಸಿಯ ತೊಡೆಯನ್ನು ಹೊಕ್ಕು ಅವನನ್ನು ಅಲ್ಲೇ ಹೊಲಿದಂತೆ ಹಿಡಿಯಿತು.

ಅವನು ಕೂಗಿದ ರೀತಿ ಮನುಷ್ಯರದಾಗಿರಲಿಲ್ಲ. ಪ್ರಾಣಿ ತಲೆ ಅಲ್ಲಾಡಿಸಿದಾಗಲೆಲ್ಲ ದೋಣಿ ವಾಲುತ್ತಿತ್ತು, ತೊಡೆಯ ಗಾಯ ಹಿಗ್ಗುತ್ತಿತ್ತು. ಅದರ ಹರಿದ ದವಡೆಯಿಂದ ಬಿಸಿ ರಕ್ತ ಅವನ ಮಡಿಲಿಗೆ ಸುರಿಯುತ್ತಿತ್ತು. ನೀರು ಒಳಗೆ ಬಂತು. ಕ್ಯಾರಲ್ ಎರಡೂ ಕೈಯಿಂದ ಯೊಆಸಿಯ ಜಾಕೆಟ್ ಹಿಡಿದು ಹಿಂದಕ್ಕೆ ಎಳೆದುಕೊಂಡಿದ್ದರು.

ಕೌನಾಕ್ ಪಕ್ಕಕ್ಕೆ ಸರಿದು ಮತ್ತೆ ಬಂದೂಕು ಎತ್ತಿದಳು. ಅವಳಿಗೂ ಯೊಆಸಿಯ ಹೊಟ್ಟೆಗೂ ನಡುವೆ ಪ್ರಾಣಿಯ ಮೂತಿ ಮಾತ್ರ ಇತ್ತು. ಹೊಡೆದರೆ ಗುಂಡು ಮೂತಿಯನ್ನು ಹಾದು ಅವನೊಳಗೆ ಹೋಗುತ್ತಿತ್ತು. ಅವಳಿಗೆ ಅದು ಕಾಣುತ್ತಿರಲಿಲ್ಲ. ಅವಳ ಕಣ್ಣುಗಳು ತೆರೆದಿದ್ದವು, ಅಷ್ಟೆ.

"ಕೌನಾಕ್! ಕೆಳಗಿಳಿಸು ಬಂದೂಕು."

ಅಪ್ಪನ ಹೆಸರನ್ನು ಮಗ ಬಾಯಿಬಿಟ್ಟು ಹೇಳುವುದಿಲ್ಲ. ನಟನೀನ್ ಅದನ್ನು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಇಳಿಸಲಿಲ್ಲ. ಅವನು ಮೊಣಕೈ ತಿರುಗಿಸಿ ಅವಳ ಬಾಯಿಗೆ ಹೊಡೆದ. ಅವಳು ಹಗ್ಗದ ಸುರುಳಿಯ ಮೇಲೆ ಬಿದ್ದಳು. ಬೀಳುವ ಬಂದೂಕನ್ನು ಅವನು ಹಿಡಿದುಕೊಂಡು, ಮಗನ ತೊಡೆಯ ಪಕ್ಕದಲ್ಲೇ ಕಾಲೂರಿ, ದೋಣಿಯಿಂದ ಹೊರಕ್ಕೆ ಬಾಗಿದ. ನಳಿಗೆಯನ್ನು ಪ್ರಾಣಿಯ ತಲೆಯ ಹಿಂಭಾಗಕ್ಕೆ ಒತ್ತಿ, ನೀರಿನ ಕಡೆಗೆ ಓರೆ ಮಾಡಿ ಹೊಡೆದ. ಅದು ಒಮ್ಮೆ ನಡುಗಿತು. ಭಾರಕ್ಕೆ ದೋಣಿ ಮಗುಚುವುದರಲ್ಲಿತ್ತು. ನಾನೂ ಅವನೂ ಕೊಡಲಿಯಿಂದ ಎರಡೂ ಹಲ್ಲುಗಳ ಬುಡವನ್ನು ಕಡಿದೆವು. ಹೆಣ ಮುಳುಗಿತು. ಮುರಿದ ಹಲ್ಲು ತೊಡೆಯಲ್ಲೇ ಉಳಿಯಿತು.

"ಅದನ್ನ ಕೀಳಬೇಡ, ಕಿತ್ರೆ ರಕ್ತ ನಿಲ್ಲೋದಿಲ್ಲ," ಎಂದೆ. ಈಟಿಯ ಹಗ್ಗದಿಂದ ತೊಡೆಯ ಮೇಲ್ಭಾಗವನ್ನು ಬಿಗಿದೆ. ಊರಿನವರೆಗೂ ಕೌನಾಕ್ ಬಾಯಿಂದ ರಕ್ತ ಉಗುಳುತ್ತಾ ನೀರು ಮೊಗೆದಳು. ಯೊಆಸಿ ನಡುನಡುವೆ ತಾಯಿಯನ್ನು ಕರೆಯುತ್ತಿದ್ದ.

ಯೊಆಸಿಯನ್ನು ವಿಮಾನದಲ್ಲಿ ದಕ್ಷಿಣದ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಆ ಸುದ್ದಿ ಬಂದ ಮರುದಿನ ಕೋರ್ಸಿನ ಕೊನೆಯ ತರಗತಿ. ನಟನೀನ್ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದ. ಕೌನಾಕ್ ಹಿಂದಿನ ಬೆಂಚಿನಲ್ಲಿದ್ದಳು. ತುಟಿಗೆ ಹೊಲಿಗೆ ಬಿದ್ದಿತ್ತು, ಮುಂದಿನ ಹಲ್ಲೊಂದು ಇರಲಿಲ್ಲ.

"ಅಪ್ಪಾ," ಎಂದ. "ನಿನಗೆ ನಾನು ಬೈಯ್ಬೇಕು. ಅವತ್ತು ದಡದಲ್ಲೇ ಬೈಯ್ಬೇಕಿತ್ತು."

ಅವಳು ಎದ್ದು ನಿಂತಳು. "ಬೈ ಮಗನೇ."

ಬೈದ. ಧ್ವನಿ ಏರಿಸಲಿಲ್ಲ. ಟ್ರಿಗರ್ ಮೇಲೆ ಬೆರಳಿಟ್ಟದ್ದು ತಪ್ಪು ಎಂದ. ಈಟಿ ಹೋಗುವ ಮೊದಲು ಹೊಡೆದದ್ದು ತಪ್ಪು, ಹೆದರಿ ಎರಡನೇ ಸಲ ಗುರಿಯಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು ಎಂದ. ಮಗನ ತೊಡೆಯಲ್ಲಿ ಹಲ್ಲು ಎಲ್ಲಿ ಹೊಕ್ಕಿತು, ವೈದ್ಯರು ಎಲ್ಲಿ ಕೊಯ್ದರು ಎಂದು ತನ್ನ ಕಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಅಳಲು ಶುರುಮಾಡಿದಳು. ಅವನು ನಿಲ್ಲಿಸಲಿಲ್ಲ.

"ಸಾಕು ಅನ್ನಿಸುತ್ತೆ," ಎಂದು ಕ್ಯಾರಲ್ ಅರ್ಧ ಎದ್ದರು.

"ಕೂತ್ಕೊಳ್ಳಿ," ಎಂದೆ.

"ಫೇಲು," ಎಂದ ನಟನೀನ್ ಕೊನೆಗೆ. ಗೋಡೆಗೆ ಒರಗಿಸಿದ್ದ ಈಟಿಯನ್ನು ತಂದು ಅವಳ ಮುಂದೆ ಬೆಂಚಿನ ಮೇಲಿಟ್ಟ. "ಯೊಆಸಿ ಇನ್ನು ಇದನ್ನ ಹಿಡಿಯೋಕಾಗೋದಿಲ್ಲ. ನಾಳೆ ಬೆಳಿಗ್ಗೆ ದಡಕ್ಕೆ ಬಾ. ಬಂದೂಕು ತರಬೇಡ."

ಕೌನಾಕ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಈಟಿಯನ್ನು ಎತ್ತಿಕೊಂಡಳು. ಹಿಡಿದ ರೀತಿ ಸರಿಯಿರಲಿಲ್ಲ. ನಟನೀನ್ ಕೂಡಲೇ ತಿದ್ದಿದ.